ನೀರು ಕೇಳಿ ಗಾಳ ಕೊಡುವ ಅಂಗಡಿ

ಮೈಸೂರಿನ ಮಂಡಿ ಮೊಹಲ್ಲಾದ ಒಂದು ಒಳರಸ್ತೆಯಲ್ಲಿ, ಹಗ್ಗ-ಟಾರ್ಪಾಲು ಮಾರುವ ಮಳಿಗೆ ಪಕ್ಕದಲ್ಲಿ, ಎಂಟಡಿ ಅಗಲದ ಒಂದು ಗಾಳದ ಅಂಗಡಿ ಇದೆ. ಬೋರ್ಡು ಮಾಸಿ ಹೋಗಿದೆ. ಹೊರಗೆ ಒಂದು ಹಳೇ ಬೀಸುಬಲೆ ನೇತು ಹಾಕಿದ್ದಾರೆ, ಅದೇ ಗುರುತು. ಎರಡು ವರ್ಷದಿಂದ ತಿಂಗಳಿಗೊಂದು ಶನಿವಾರವಾದರೂ ಶಾಲೆ ಮುಗಿಸಿಕೊಂಡು ಶ್ರೀರಂಗಪಟ್ಟಣದಿಂದ ಸ್ಕೂಟರಿನಲ್ಲಿ ಅಲ್ಲಿಗೆ ಹೋಗುತ್ತಿದ್ದೇನೆ. ಅಂಗಡಿ ಬಗ್ಗೆ ಬರೆಯುತ್ತೇನೆ ಅಂದಾಗ ಯಜಮಾನರು ಹೆಸರು ಹಾಕಬೇಡಿ ಅಂದರು. ಅವರನ್ನು ಎಲ್ಲರೂ ಶೆಟ್ರು ಅಂತಲೇ ಕರೆಯೋದು. ನಾನೂ ಹಾಗೇ ಬರೆಯುತ್ತೇನೆ.

ಮೊದಲು ನನ್ನ ಕಷ್ಟ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದೆ ಈ ಅಂಗಡಿ ಯಾಕೆ ಇಷ್ಟವಾಯಿತು ಅನ್ನೋದು ಅರ್ಥವಾಗೋದಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಗಾಳ ಕಲಿತದ್ದು ಅಪ್ಪನಿಂದ. ಬಿದಿರು ಕಡ್ಡಿ, ತಂಗೂಸಿ, ನವಿಲುಗರಿಯ ದಂಟಿನ ಬೆಂಡು, ಕೊಕ್ಕೆಗೆ ರಾಗಿ ಹಿಟ್ಟಿನ ಉಂಡೆ ಇಲ್ಲವೇ ಎರೆಹುಳು. ನಾನು ಸಣ್ಣವಳಿದ್ದಾಗ ಅಪ್ಪ ನನ್ನನ್ನು ಸೈಕಲ್ ಬಾರಿನ ಮೇಲೆ ಕೂರಿಸಿಕೊಂಡು ಕಾವೇರಿ ದಂಡೆಗೆ ಹೋಗುತ್ತಿದ್ದರು. ಆಗ ದಂಡೆಯಲ್ಲಿ ನಾವಿಬ್ಬರೇ. ಈಗ ಭಾನುವಾರ ಸಂಗಮದಲ್ಲಿ, ಸ್ನಾನಘಟ್ಟದಲ್ಲಿ, ಬಲಮುರಿಯಲ್ಲಿ ಕಾಲಿಡಲು ಜಾಗ ಇಲ್ಲ. ರಂಗನತಿಟ್ಟು 1940ರಿಂದ ಪಕ್ಷಿಧಾಮ. ಅಲ್ಲಿ ಗಾಳ ಹಾಕುವಂತಿಲ್ಲ, ಹಾಕಲೂಬಾರದು. ಉಳಿದ ಜಾಗದಲ್ಲಿ ಹೆಂಗಸೊಬ್ಬಳು ರಾಡ್ ಹಿಡಿದು ನಿಂತರೆ ಹತ್ತು ನಿಮಿಷದಲ್ಲಿ ಹಿಂದೆ ಹತ್ತು ಜನ. ಒಬ್ಬ ವಿಡಿಯೋ ಮಾಡುತ್ತಾನೆ. ಇನ್ನೊಬ್ಬ "ಕೊಡಿ ಮೇಡಂ, ನಾನು ಎಸೆದು ತೋರಿಸ್ತೀನಿ" ಅನ್ನುತ್ತಾನೆ. ಮೀನು ಎಲ್ಲಿಂದ ಬರಬೇಕು? ಜನ ಇಲ್ಲದ ನೀರು ನನಗೆ ಮೀನಿಗಿಂತ ಮೊದಲು ಬೇಕಾಗಿತ್ತು.

ಮೊದಲ ಸಲ ಅಂಗಡಿಗೆ ಹೋದಾಗ "ಒಂದು ಒಳ್ಳೇ ರಾಡ್ ತೋರಿಸಿ" ಅಂದೆ. ಶೆಟ್ರು ಗೋಡೆ ಕಡೆ ಕೈ ಚಾಚಲೇ ಇಲ್ಲ. ಸ್ಟೂಲು ಎಳೆದು ಕೂರಿಸಿದರು. ಯಾವ ನೀರು? ನಿಂತ ನೀರೋ, ಹರಿಯುವ ನೀರೋ? ದಂಡೆ ಮೇಲೆ ಮರ ಇದೆಯೋ? ರಸ್ತೆಯಿಂದ ಎಷ್ಟು ದೂರ ನಡೆಯುತ್ತೀರಿ? ಕೊನೇ ಪ್ರಶ್ನೆಗೆ ನಾನು "ನಡೆಯೋದೇನು, ಸ್ಕೂಟರ್ ನಿಲ್ಲಿಸಿದ ಕಡೆ ಹಾಕ್ತೀನಿ" ಅಂದೆ. ಆಗ ಅವರು ತಮ್ಮ ಕುಂದಾಪುರದ ಮಾತಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಹಾಂಗಾರೆ ರಾಡ್ ಬ್ಯಾಡ ಟೀಚರೇ. ಮೊದ್ಲ್ ನೀರ್ ಕಾಣಿ."

ಶೆಟ್ರ ಊರು ಕುಂದಾಪುರದ ಕಡೆ. ಹುಡುಗನಾಗಿದ್ದಾಗ ಸಂಬಂಧಿಕರ ಹೋಟೆಲಿನಲ್ಲಿ ಕೆಲಸಕ್ಕೆ ಮೈಸೂರಿಗೆ ಬಂದವರು. ಹೋಟೆಲ್ ಮುಚ್ಚಿದ ಮೇಲೆ ಈ ಅಂಗಡಿ ಇಟ್ಟರು. ಹಾಗಾಗಿ ಒಂದೇ ಕೌಂಟರಿನಲ್ಲಿ ಕಾವೇರಿಯೂ ಸಿಗುತ್ತದೆ, ಅಳಿವೆಯೂ ಸಿಗುತ್ತದೆ. ಮೈಸೂರಿನಲ್ಲಿ ಕೂತು ಉಬ್ಬರ-ಇಳಿತದ ಲೆಕ್ಕ ಹೇಳುವ ಅಂಗಡಿಯವರು ಬೇರೆ ಯಾರನ್ನೂ ನಾನು ನೋಡಿಲ್ಲ.

ಈಗ ಸಾಮಾನಿನ ವಿಚಾರ. ಅವತ್ತು ಬರಿಗೈಲಿ ಬಂದೆ. ಎರಡು ವಾರ ಬಿಟ್ಟು ಹೋಗಿ ಕೊಂಡದ್ದು ಇಷ್ಟು: ಏಳಡಿ ಉದ್ದದ, ಮೂರು ತುಂಡಾಗಿ ಬಿಚ್ಚುವ ಮೀಡಿಯಂ ಸ್ಪಿನ್ನಿಂಗ್ ರಾಡ್, 2,400 ರೂಪಾಯಿ. ದಾರ ಸುತ್ತುವ 3000 ಸೈಜಿನ ರೀಲ್, 3,100. 20 ಪೌಂಡ್ ಎಳೆತ ತಡೆಯುವ ಬ್ರೇಡ್, ಅಂದರೆ ಹೆಣೆದ ದಾರ 150 ಮೀಟರ್, 900. ಲೀಡರಿಗೆ, ಅಂದರೆ ದಾರದ ತುದಿಗೆ ಕಟ್ಟುವ ತುಂಡಿಗೆ, 40 ಪೌಂಡಿನ ದಪ್ಪ ನೈಲಾನ್, 350. ಆಮೇಲೆ ಒಂದು ರಬ್ಬರ್ ಕಪ್ಪೆ, ಎರಡು ಮಿನ್ನೋ (ಸಣ್ಣ ಮೀನಿನ ಆಕಾರದ ಗಟ್ಟಿ ಕೃತಕ ಮೀನು), ಒಂದು ಪ್ಯಾಕೆಟ್ ರಬ್ಬರ್ ಮೀನು ಮತ್ತು ಅದಕ್ಕೆ ಬೇಕಾದ ಜಿಗ್ ಹೆಡ್ (ಭಾರದ ತಲೆ ಇರುವ ಕೊಕ್ಕೆ). ಎಲ್ಲ ಸೇರಿ 8,000 ದಾಟಿತು. ನನ್ನ ಮಟ್ಟಿಗೆ ದೊಡ್ಡ ಮೊತ್ತ. ಆದರೆ ಎರಡು ವರ್ಷವಾಗುತ್ತಾ ಬಂದರೂ ಯಾವುದೂ ಕೈ ಕೊಟ್ಟಿಲ್ಲ. ಮೂರು ತುಂಡಿನ ರಾಡ್ ಬಿಚ್ಚಿ ಬ್ಯಾಗಿನಲ್ಲಿ ಸಿಕ್ಕಿಸಿಕೊಳ್ಳಬಹುದು, ಬಸ್ಸಿನಲ್ಲಿ ಯಾರೂ ತಿರುಗಿ ನೋಡೋದಿಲ್ಲ. ನನ್ನಂಥವರಿಗೆ ಅದು ಸಣ್ಣ ಅನುಕೂಲವೇನಲ್ಲ.

ಇದಕ್ಕೆ ಮುಂಚೆ ಆನ್‌ಲೈನಿನಲ್ಲಿ ಒಂದು ರೀಲ್ ತರಿಸಿದ್ದೆ. ಒಂದೇ ಸಲ ಉಪ್ಪುನೀರು ಕಂಡಿತು. ದಾರ ಹಾದು ಹೋಗುವ ಪುಟ್ಟ ರೋಲರ್ ತುಕ್ಕು ಹಿಡಿದು ತಿರುಗುವುದೇ ನಿಂತಿತು. ಶೆಟ್ರು ಅದನ್ನು ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ಕೊಟ್ಟರು. ಬೇರೆ ಕಡೆ ಕೊಂಡ ಸಾಮಾನು ಅಂತ ಮುಖ ಸಿಂಡರಿಸಲಿಲ್ಲ. 150 ರೂಪಾಯಿ ತೆಗೆದುಕೊಂಡರು. ಉಪ್ಪುನೀರಿನಿಂದ ಬಂದ ಕೂಡಲೇ ರೀಲಿನ ಡ್ರ್ಯಾಗ್ (ಮೀನು ಎಳೆದಾಗ ದಾರ ಎಷ್ಟು ಬಿಟ್ಟುಕೊಡಬೇಕು ಅಂತ ಹೊಂದಿಸುವ ತಿರುಪು) ಬಿಗಿ ಮಾಡಿ, ಮೇಲಿಂದ ಸಿಹಿನೀರು ಚಿಮುಕಿಸಿ, ನೆರಳಲ್ಲಿ ಒಣಗಿಸಬೇಕಂತೆ. ಜೋರಾಗಿ ನಲ್ಲಿ ಬಿಟ್ಟರೆ ಉಪ್ಪು ಇನ್ನೂ ಒಳಗೆ ಹೋಗುತ್ತದೆ. ಇದನ್ನು ಅವರು ಹೇಳುವವರೆಗೆ ನಾನು ನಲ್ಲಿ ಕೆಳಗೇ ಹಿಡಿಯುತ್ತಿದ್ದೆ.

ಇನ್ನು ಅವರು ದುಡ್ಡು ತೆಗೆದುಕೊಳ್ಳದೆ ಕೊಡುವ ಸಾಮಾನು: ಖಾಲಿ ನೀರು ಹುಡುಕುವ ವಿದ್ಯೆ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು.

ಫೋನಿನಲ್ಲಿ ಉಪಗ್ರಹದ ನಕ್ಷೆ ತೆಗೆಸುತ್ತಾರೆ. ಮೊದಲು ನದಿ ನೋಡಲು ಬಿಡೋದಿಲ್ಲ, ರಸ್ತೆ ನೋಡಿ ಅನ್ನುತ್ತಾರೆ. ಬೈಕು ಹೋಗುವ ದಾರಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಒಂದು ಕಿಲೋಮೀಟರ್ ಎಣಿಸಬೇಕು. ಬಹಳ ಜನ ಅಲ್ಲಿಗೇ ನಿಲ್ಲುತ್ತಾರೆ. ಬಿಸಿಲಲ್ಲಿ ಗದ್ದೆ ಬದುವಿನ ಮೇಲೆ ಒಂದು ಕಿಲೋಮೀಟರ್ ನಡೆಯುವವರು ಕಡಿಮೆ. ಆ ಗೆರೆಯ ಆಚೆ ಮಾತ್ರ ನದಿ ನೋಡುವುದು. ನದಿ ಎಲ್ಲಿ ತಿರುಗುತ್ತದೆ? ತಿರುವಿನ ಹೊರಬದಿಯಲ್ಲಿ ನೀರು ವೇಗವಾಗಿ ಹೋಗಿ ದಂಡೆ ಕೊರೆಯುತ್ತದೆ, ಅಲ್ಲಿ ಆಳ. ಒಳಬದಿಯಲ್ಲಿ ನಿಧಾನ, ಮರಳು ಕೂರುತ್ತದೆ. ಇದನ್ನು ನಾನೇ ಮಕ್ಕಳಿಗೆ ಬೋರ್ಡ್ ಮೇಲೆ ಬರೆದು ತೋರಿಸಿದ್ದೇನೆ. ಆದರೆ ಅದೇ ಪಾಠದಿಂದ ಮೀನು ಹುಡುಕಬಹುದು ಅಂತ ಹೊಳೆದೇ ಇರಲಿಲ್ಲ.

ಆಮೇಲೆ ಹಳ್ಳ ಸೇರುವ ಜಾಗ. ನಮ್ಮ ಮಂಡ್ಯ ಸೀಮೆಯಲ್ಲಿ ನಾಲೆ ನೀರು ಭತ್ತ, ಕಬ್ಬಿನ ಗದ್ದೆಗೆ ಹರಿದು, ಉಳಿದದ್ದು ಸಣ್ಣ ಹಳ್ಳಗಳಲ್ಲಿ ಮತ್ತೆ ಹೊಳೆಗೇ ಬರುತ್ತದೆ. ಆ ಹಳ್ಳದ ಬಾಯಲ್ಲಿ ಹುಳ, ಸೀಗಡಿ, ಸಣ್ಣ ಮೀನು ಎಲ್ಲ ಕೊಚ್ಚಿಕೊಂಡು ಬಂದು ಬೀಳುತ್ತವೆ. ದೊಡ್ಡ ಮೀನು ಅಲ್ಲೇ ಕಾಯುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಇಂಥ ಬಾಯಿಗಳೇ ಜೀವಂತ ಜಾಗ.

ಕೊನೆಯದಾಗಿ ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರ. ಒಂದೇ ಜಾಗದ ಮಳೆಗಾಲ ಮುಗಿದ ಮೇಲಿನ ಚಿತ್ರವನ್ನೂ ಕಡುಬೇಸಿಗೆಯ ಚಿತ್ರವನ್ನೂ ಪಕ್ಕಪಕ್ಕ ನೋಡಬೇಕು. ಬೇಸಿಗೆಯಲ್ಲೂ ಕಪ್ಪಾಗಿ ಕಾಣುವ ನೀರು ಮಡು. ವರ್ಷಪೂರ್ತಿ ಮೀನು ಇರುವ ಮನೆ ಅದು. ನಾನು ಒಂದು ಸಂಜೆ ಕೂತು ಸಂಗಮದಿಂದ ತಿರುಮಕೂಡಲು ನರಸೀಪುರದ ತನಕ ಹೀಗೆ ಗುರುತು ಹಾಕಿದೆ. ಒಂಬತ್ತು ಜಾಗ ಸಿಕ್ಕವು. ಅದರಲ್ಲಿ ನಾಲ್ಕಕ್ಕೆ ದಾರಿಯೇ ಇಲ್ಲ. ಎರಡರಲ್ಲಿ ಮೊಸಳೆ ಇವೆ ಅಂತ ಊರವರು ಹೇಳಿದರು, ಬಿಟ್ಟೆ. ಉಳಿದದ್ದು ಮೂರು. ಅವು ಎಲ್ಲಿ ಅಂತ ಇಲ್ಲಿ ಬರೆಯೋದಿಲ್ಲ, ದಯವಿಟ್ಟು ಕೇಳಬೇಡಿ. ಹಿಂದೆ ನಮ್ಮ ಕಡೆಯ ಒಂದು ಒಳ್ಳೇ ಮಡುವಿನ ವಿಡಿಯೋ ಯಾರೋ ಹಾಕಿದರು. ಎರಡೇ ತಿಂಗಳಲ್ಲಿ ಅಲ್ಲಿ ಬಾಟಲಿ ಚೂರು, ತಟ್ಟೆ, ಲೋಟ. ಆಮೇಲೆ ರಾತ್ರಿ ಹೊತ್ತು ಮದ್ದು ಸಿಡಿಸಿ ಮೀನು ಹಿಡಿಯುವವರೂ ಬಂದರು. ಮರಿ, ಮೊಟ್ಟೆ ಎಲ್ಲ ಹೋಯಿತು. ನೋಡಿ ಅಪ್ಪ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಆ ಮೂರರಲ್ಲಿ ಒಂದಕ್ಕೆ ಮಾರ್ಚಿನ ಒಂದು ಭಾನುವಾರ ಬೆಳಿಗ್ಗೆ ಐದೂವರೆಗೆ ಅಪ್ಪನ ಜೊತೆ ಹೋದೆ. ಹಿಂದಿನ ದಿನವೇ ಗದ್ದೆಯವರ ಒಪ್ಪಿಗೆ ಕೇಳಿದ್ದೆ. ಹೊಳೆಯ ಭಾಗಗಳನ್ನು ಮೀನುಗಾರಿಕೆ ಇಲಾಖೆಯಿಂದ ಗುತ್ತಿಗೆಗೋ ಪರವಾನಗಿಗೋ ಪಡೆದವರು ಇರುತ್ತಾರೆ. ಅವರನ್ನೂ ಕೇಳಿ ಹೋಗಿ ಅನ್ನೋದು ಶೆಟ್ರ ಕಟ್ಟಪ್ಪಣೆ. ಬಲೆಯವರ ಹೊಟ್ಟೆಪಾಡಿನ ಮೇಲೆ ನಾವು ಕಾಲಿಡಬಾರದು, ಅಲ್ವಾ. ಹಳ್ಳದ ಬಾಯಲ್ಲಿ ಜೊಂಡು. ಜೊಂಡಿನ ಅಂಚಿಗೆ ರಬ್ಬರ್ ಕಪ್ಪೆ ಎಸೆದು ನಿಧಾನಕ್ಕೆ ಎಳೆದೆ. ನಾಲ್ಕನೇ ಸಲಕ್ಕೆ ನೀರು ಬಾಯಿ ತೆರೆದ ಹಾಗಾಯಿತು. ಕೊರವ. ಒಂದೂವರೆ ಕೆಜಿ ಇರಬಹುದು. ಮೂರು ಗಂಟೆಯಲ್ಲಿ ಎರಡು ಕೊರವ, ಅಪ್ಪನ ರಾಗಿ ಉಂಡೆಗೆ ಐದಾರು ಜಿಲೇಬಿ ಮೀನು, ಒಂದಿಷ್ಟು ಪಕ್ಕೆ ಮೀನು. ಎದುರು ದಂಡೆಯಲ್ಲಿ ನಾಲ್ಕು ನೀರುನಾಯಿ ಬಂದು ತಲೆ ಎತ್ತಿ ನೋಡಿ ಮುಳುಗಿದವು. ಮನುಷ್ಯರು ಅಂತ ಸಿಕ್ಕಿದ್ದು ಎಮ್ಮೆ ಮೇಯಿಸುವ ಒಬ್ಬ ಅಜ್ಜಿ. "ಏನವ್ವಾ, ಅಪ್ಪನ ಜೊತೇಲಿ ಬಂದಿದೀಯಾ, ಒಳ್ಳೇದಾಯ್ತು" ಅಂದು ಹೋದರು. ಬೇರೆ ಯಾರೂ ಏನೂ ಕೇಳಲಿಲ್ಲ. ಅಷ್ಟು ಹೊತ್ತು ಬೆನ್ನ ಹಿಂದೆ ಯಾರೂ ಇಲ್ಲದೆ ನಿಂತದ್ದು ಎಷ್ಟೋ ವರ್ಷದ ಮೇಲೆ.

ಕೊರವದ ಬಗ್ಗೆ ಅಂಗಡಿಯಲ್ಲಿ ಒಂದು ನಿಯಮ ಇದೆ. ಮಳೆ ಶುರುವಾದ ಮೇಲೆ ಕೊರವ ಮರಿ ಮಾಡುತ್ತದೆ. ಕೆಂಪಗಿನ ಮರಿಗಳು ಗುಂಪಾಗಿ ಮೇಲೆ ಬಂದು ಉಸಿರೆಳೆಯುತ್ತವೆ, ಅಪ್ಪ-ಅಮ್ಮ ಕೆಳಗೆ ಕಾವಲು. ಆ ಗುಂಪಿನ ಮೇಲೆ ಕಪ್ಪೆ ಎಸೆದರೆ ದೊಡ್ಡದು ಸಿಟ್ಟಿನಿಂದ ಕಚ್ಚುತ್ತದೆ. ಅದನ್ನು ಎತ್ತಿಕೊಂಡು ಹೋದರೆ ಮರಿಗಳು ಸಂಜೆಯೊಳಗೆ ಬೇರೆ ಮೀನಿನ ಹೊಟ್ಟೆಗೆ. ಹೀಗೆ ಹಿಡಿದ ಫೋಟೋ ತೋರಿಸಿದ ಒಬ್ಬ ಹುಡುಗನಿಗೆ ಶೆಟ್ರು ನನ್ನ ಎದುರೇ ಸಾಮಾನು ಕೊಡದೆ ಕಳಿಸಿದರು. ವ್ಯಾಪಾರ ಹೋಯಿತು ಅಂತ ಒಂಚೂರೂ ಬೇಜಾರು ಮಾಡಿಕೊಳ್ಳಲಿಲ್ಲ.

ಬಿಳಿ ಮೀನಿನ, ಅಂದರೆ ಮಹಶೀರ್‌ನ ವಿಚಾರದಲ್ಲೂ ಅವರು ಹೀಗೇ. ಗೋಡೆ ಮೇಲೆ ಒಂದು ದೊಡ್ಡ ಹಿತ್ತಾಳೆ ಸ್ಪೂನ್ (ಮೀನನ್ನು ಸೆಳೆಯುವ ಚಮಚದಾಕಾರದ ತಗಡು) ಇದೆ, ಮಾರಾಟಕ್ಕಿಲ್ಲ. ಅದನ್ನು ತೋರಿಸಿ ಹಳೇ ಕಥೆ ಹೇಳುತ್ತಾರೆ. ಮೈಸೂರಿನಲ್ಲಿ ಹುಲಿ, ಚಿರತೆ ಚರ್ಮ ತುಂಬಿಸುವ ಕೆಲಸಕ್ಕೆ ಹೆಸರಾಗಿದ್ದ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಬಿಳಿ ಮೀನು ಹಿಡಿದರು. ಅಂದರೆ 54 ಕೆಜಿ, ನನ್ನ ಒಂಬತ್ತನೇ ಕ್ಲಾಸಿನ ಹುಡುಗರಿಗಿಂತ ಜಾಸ್ತಿ ತೂಕ. ಕಾವೇರಿ ಹೊಳೆಯ ಈ ಗೂನುಬೆನ್ನಿನ ಮಹಶೀರ್‌ನ ವೈಜ್ಞಾನಿಕ ಹೆಸರು ಏನು ಅನ್ನೋದು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿಗೆ ತೀರಾ ಹತ್ತಿರ ಇರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ಸಿಗುವ ಹೊತ್ತಿಗೆ ಮೀನೇ ಹೋಗುವ ಸ್ಥಿತಿ. ಭೀಮೇಶ್ವರಿ, ಗಾಳಿಬೋರೆ ಕಡೆ ಒಂದು ಕಾಲದಲ್ಲಿ ಇದನ್ನು ಹಿಡಿದು ಬಿಡಲೆಂದೇ ವಿದೇಶದಿಂದ ಜನ ಬರುತ್ತಿದ್ದರು. ಅದು ಅಭಯಾರಣ್ಯ, ಈಗ ಗಾಳ ನಿಂತಿದೆ. ಆ ಕಡೆಗೆ ಸಾಮಾನು ಕೇಳಿದರೆ ಶೆಟ್ರು ಇಲ್ಲ ಅನ್ನುತ್ತಾರೆ. ಬೇರೆ ಕಡೆ ಅಪ್ಪಿತಪ್ಪಿ ಬಿದ್ದರೆ ನೀರಿನಿಂದ ಮೇಲೆತ್ತದೆ ಕೊಕ್ಕೆ ಬಿಡಿಸಿ ಅಂತ ಹೇಳಿ, ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ ಕೊಡುತ್ತಾರೆ.

ದೂರುಗಳೂ ಇವೆ. ಅಂಗಡಿ ಹನ್ನೊಂದಕ್ಕೆ ಮುಂಚೆ ತೆಗೆಯೋದಿಲ್ಲ. ಎರಡಕ್ಕೆ ಊಟಕ್ಕೆ ಹೋದರೆ ಐದಾಗುತ್ತದೆ. ಊರಿಗೆ ಹೋದಾಗ ಬಾಗಿಲ ಮೇಲೆ ಒಂದು ಚೀಟಿಯೂ ಇರೋದಿಲ್ಲ. ಮೂರು ಸಲ ಸುಮ್ನೆ ಹೋಗಿ ವಾಪಸ್ ಬಂದಿದ್ದೇನೆ. ಕೇಳದಿದ್ದರೆ ಬಿಲ್ ಕೊಡೋದಿಲ್ಲ. ನಮ್ಮ ಕೈಗೆ ಹೊಂದುವ ಸಣ್ಣ ಗ್ಲೌಸ್ ಇಟ್ಟಿಲ್ಲ. ಒಂದು ಮಿನ್ನೋ ಪ್ಯಾಕೆಟ್ ಹಳೇದು, ಕೊಕ್ಕೆಗೆ ತುಕ್ಕು ಬಂದಿತ್ತು. ಅದನ್ನು ಬದಲಿಸಿ ಕೊಟ್ಟರು ಅನ್ನಿ.

ನಿಜವಾಗಿ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಕಳೆದ ವರ್ಷ ಅವರು ಹೇಳಿದ ಹಾಗೆ ಹೊಳೆ ನಡುವಿನ ಬಂಡೆಗಳ ಮೇಲೆ ನಡೆದು ಹೋಗಿ ಆಚೆ ಮಡುವಿಗೆ ಎಸೆಯುತ್ತಿದ್ದೆ. ಮೊಣಕಾಲುದ್ದ ನೀರು. ಒಂದು ಕಡೆ ಬಂಡೆ ಮೇಲೆ ಇಟ್ಟಿದ್ದ ಬ್ಯಾಗಿನ ತಳ ಒದ್ದೆಯಾಗಿತ್ತು. ಐದು ನಿಮಿಷ ಬಿಟ್ಟು ನೋಡಿದರೆ ಬಂದ ದಾರಿಯ ಎರಡು ಬಂಡೆ ಕಾಣುತ್ತಿಲ್ಲ. ಮೇಲೆ ಕನ್ನಂಬಾಡಿಯಿಂದ ನೀರು ಬಿಟ್ಟಿದ್ದರು. ರಾಡ್ ಊರಿಕೊಂಡು, ಸೊಂಟದವರೆಗಿನ ನೀರಲ್ಲಿ ದಂಡೆ ಮುಟ್ಟಿದೆ. ಆಮೇಲೆ ಅರ್ಧ ಗಂಟೆ ಕೈ ನಡುಗುತ್ತಿತ್ತು. ಸೋಮವಾರ ಸಂಜೆ ಹೋಗಿ ಶೆಟ್ರಿಗೆ ನೇರವಾಗಿ ಹೇಳಿದೆ: "ಉಬ್ಬರ-ಇಳಿತ ಅಷ್ಟು ಲೆಕ್ಕ ಹಾಕ್ತೀರಿ, ಡ್ಯಾಮಿನ ಲೆಕ್ಕ ಯಾಕೆ ಹೇಳಲಿಲ್ಲ?" ಅವರು ವಾದ ಮಾಡಲಿಲ್ಲ. "ತಪ್ಪಾಯ್ತ್ ಟೀಚರೇ" ಅಂದರು. ಮುಂದಿನ ಸಲ ಹೋದಾಗ ಬಾಗಿಲಲ್ಲಿ ಒಂದು ಕಪ್ಪು ಹಲಗೆ ಇತ್ತು. ಅಂದಿನ ಕೆಆರ್‌ಎಸ್ ಮಟ್ಟ, ಒಳಹರಿವು, ಹೊರಹರಿವು, ನಿನ್ನೆಯ ಹೊರಹರಿವು. ಇವೆಲ್ಲ ನಮ್ಮ ಪೇಪರಿನಲ್ಲಿ ದಿನವೂ ಬರುವ ಅಂಕಿ. 124.80 ಅಡಿ ತುಂಬಿತಾ ಅಂತ ಮಂಡ್ಯದ ಮನೆಮನೆಯಲ್ಲೂ ನೋಡುತ್ತೇವೆ. ಬೆಳೆಗೆ ನೋಡುತ್ತೇವೆ, ಹೊಳೆಗೆ ಇಳಿಯುವ ಮುಂಚೆ ನೋಡೋದಿಲ್ಲ ಅಷ್ಟೇ. ಹೊರಹರಿವು ನಿನ್ನೆಗಿಂತ ಏರಿದ್ದರೆ ನಾನೀಗ ದಂಡೆ ಬಿಟ್ಟು ಇಳಿಯೋದಿಲ್ಲ. ನೀವೂ ಇಳಿಯಬೇಡಿ.

ಇನ್ನು ಅಳಿವೆ. ಶೆಟ್ರ ಕಣ್ಣು ಹೊಳೆಯೋದು ಈ ಮಾತು ಬಂದಾಗ. ಹೊಳೆ ಮತ್ತು ಕಡಲು ಕೂಡುವ ಜಾಗದಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಚಂದ್ರ ಮೂಡುವುದು ತಡವಾಗುವ ಹಾಗೆ. ಅಂಗಡಿಯಲ್ಲಿ ಗೋಡೆಗೆ ಸಾಮಾನ್ಯ ತಿಥಿ ಕ್ಯಾಲೆಂಡರ್ ತೂಗು ಹಾಕಿದ್ದಾರೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜೋರು. ಅಷ್ಟಮಿ ಹೊತ್ತಿಗೆ ಮಂದ, ಏರಿದ್ದೂ ಇಳಿದದ್ದೂ ಅಷ್ಟಾಗಿ ಗೊತ್ತಾಗೋದಿಲ್ಲ. ತೀರಾ ಜೋರಿದ್ದರೆ ನೀರು ಕದಡುತ್ತದೆ, ತೀರಾ ಮಂದವಾದರೆ ಮೀನು ಆಡೋದಿಲ್ಲ. ಹುಣ್ಣಿಮೆ ಕಳೆದು ಮೂರು, ನಾಲ್ಕನೇ ದಿನ ಅವರ ಆಯ್ಕೆ. ಸರಿಯಾದ ಗಂಟೆ ಬೇಕಾದರೆ ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆಯವರ ಮುನ್ಸೂಚನೆ ನೋಡಿ ಹೇಳುತ್ತಾರೆ. ಜೂನ್, ಜುಲೈನಲ್ಲಿ ಹೋಗಲೇಬೇಡಿ ಅನ್ನುತ್ತಾರೆ. ಮಳೆಗೆ ನೀರು ಕೆಂಪು, ಅಳಿವೆ ಬಾಗಿಲಲ್ಲಿ ಅಲೆ. ಕಡಲಲ್ಲಿ ಯಾಂತ್ರಿಕ ದೋಣಿಗಳಿಗೂ ಆಗ 61 ದಿನ ರಜೆ.

ಜನವರಿಯಲ್ಲಿ ಅಪ್ಪನನ್ನು ಕರೆದುಕೊಂಡು ಹೋದೆ. ಅಪ್ಪನಿಗೆ ಈಗ 71, ಮಂಡಿ ನೋವು. ಬದುವಿನ ಮೇಲೆ ಮೊದಲಿನ ಹಾಗೆ ನಡೆಯಲು ಆಗೋದಿಲ್ಲ. ದೋಣಿಯಾದರೆ ಕೂತಲ್ಲೇ ಗಾಳ. ಶೆಟ್ರು ಹೊನ್ನಾವರದ ಶರಾವತಿ, ಕುಮಟಾ ಕಡೆಯ ಅಘನಾಶಿನಿ, ಕಾರವಾರದ ಕಾಳಿ ಎಲ್ಲ ಹೇಳಿದರು. ಅಘನಾಶಿನಿಗೆ ಅಣೆಕಟ್ಟೇ ಇಲ್ಲ. 2024ರಲ್ಲಿ ಆ ಅಳಿವೆಗೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಒಮ್ಮೆ ನೋಡಬೇಕು ಅಂತಿದೆ. ಆದರೆ ಅಪ್ಪನ ಮಂಡಿ ನೋಡಿ ಹತ್ತಿರದ್ದೇ ಆಯಿತು, ಕುಂದಾಪುರದ ಪಂಚಗಂಗಾವಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ನದಿಗಳು ಅಲ್ಲಿ ಕೂಡಿ ಗಂಗೊಳ್ಳಿಯ ಹತ್ತಿರ ಕಡಲಿಗೆ ಬೀಳುತ್ತವೆ. ನಡುವೆ ಉಪ್ಪುನೀರಲ್ಲಿ ಬೇರೂರಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ತಿಟ್ಟುಗಳು, ಅವುಗಳ ಒಳಗೆ ಹೆಬ್ಬೆರಳಿನಿಂದ ಗೀಚಿದ ಹಾಗೆ ಸಣ್ಣ ಸಣ್ಣ ತೋಡು.

ದೋಣಿಯವರನ್ನು ಗೊತ್ತು ಮಾಡಿದ್ದು ಶೆಟ್ರೇ. ಬೆಳಿಗ್ಗೆ ಐದೂವರೆಯಿಂದ ಹತ್ತರವರೆಗೆ, ಇಬ್ಬರಿಗೆ 2,500 ರೂಪಾಯಿ. ಶೆಟ್ರಿಗೆ ಕಮಿಷನ್ ಎಷ್ಟು ಅಂತ ದೋಣಿಯವರನ್ನೇ ಕೇಳಿದೆ. ಏನೂ ಇಲ್ಲವಂತೆ. ಅಪ್ಪನಿಗೆ ಅಂತ ಒಂದು ರಾಡ್-ರೀಲ್ ಅಂಗಡಿಯಿಂದ ಬಾಡಿಗೆಗೆ ತಂದಿದ್ದೆ, ದಿನಕ್ಕೆ 200. ದೋಣಿಯಲ್ಲಿ ಲೈಫ್ ಜಾಕೆಟ್ ಇರಲಿಲ್ಲ. ಇದು ದೊಡ್ಡ ಕೊರತೆ. ನಾನು ಜಾಕೆಟ್ ಇಲ್ಲದೆ ಅಪ್ಪನನ್ನು ಹತ್ತಿಸೋದಿಲ್ಲ ಅಂದ ಮೇಲೆ ಅವರು ಪಕ್ಕದ ಮನೆಯಿಂದ ಎರಡು ತಂದರು. ನೀವು ಹೋಗುವುದಾದರೆ ಮುಂಚೆಯೇ ಹೇಳಿ.

ಅಂದು ಇಳಿತ ಎಂಟೂವರೆವರೆಗೆ. ದೋಣಿಯವರು ತೋಡಿನ ಬಾಯಿಗೆ ನೂರು ಮೀಟರ್ ಇರುವಾಗಲೇ ಇಂಜಿನ್ ನಿಲ್ಲಿಸಿದರು. ಆಮೇಲೆ ಗಳ ಊರಿಕೊಂಡೇ ಹೋದದ್ದು. ಕಾಂಡ್ಲಾ ಬೇರಿನ ಒಳಗಿನಿಂದ ನೀರು ಸುರಿದು ಬರುತ್ತಿತ್ತು. ಒಳಗಿನ ಕಂದು ನೀರು, ಹೊರಗಿನ ಹಸಿರು ನೀರು, ನಡುವೆ ಗೆರೆ ಎಳೆದ ಹಾಗೆ ಒಂದು ಅಂಚು. ಆ ಅಂಚಿನಲ್ಲಿ ಬೆರಳುದ್ದದ ಮೀನುಗಳು ಚಿಮ್ಮಿ ಚಿಮ್ಮಿ ಬೀಳುತ್ತಿದ್ದವು. ನಮ್ಮ ಗದ್ದೆ ಹಳ್ಳದ ಬಾಯಿ ನೆನಪಾಯಿತು. ಅದೇ ಪಾಠ, ನೀರು ಮಾತ್ರ ಉಪ್ಪು. ಅಪ್ಪನೂ ಅದನ್ನೇ ಅಂದರು: "ನೋಡವ್ವಾ, ಇದು ನಮ್ಮ ತೂಬಿನ ಬಾಯಿ ಇದ್ದಂಗೇ ಅದೆ."

ನಾನು ಲೀಡರ್ 20 ಪೌಂಡಿನದು ಕಟ್ಟಿದ್ದೆ. ತೆಳ್ಳಗಿದ್ದರೆ ಮೀನಿಗೆ ಕಾಣೋದಿಲ್ಲ ಅನ್ನೋದು ನನ್ನ ಲೆಕ್ಕ. ಶೆಟ್ರು 40 ಅಂತ ಎರಡು ಸಲ ಹೇಳಿ ಕಳಿಸಿದ್ದರು. ಮೂರನೇ ಎಸೆತಕ್ಕೆ ರಾಡ್ ಬಾಗಿತು, ಮೀನು ಸೀದಾ ಬೇರಿನೊಳಗೆ ನುಗ್ಗಿತು. ಬೇರಿನ ಮೇಲೆಲ್ಲ ಚಿಪ್ಪು, ಬ್ಲೇಡಿನ ಹಾಗೆ. ದಾರ ಕತ್ತರಿಸಿ ಹೋಯಿತು. ಮತ್ತೆ ಹಾಗೇ. ಎರಡು ಮಿನ್ನೋ, 800 ರೂಪಾಯಿ. ಆಮೇಲೆ 40 ಕಟ್ಟಿದೆ, ಡ್ರ್ಯಾಗ್ ಪೂರ್ತಿ ಬಿಗಿ ಮಾಡಿದೆ. ಈ ಮೀನಿಗೆ ಗಾಳದವರು ಮ್ಯಾಂಗ್ರೋವ್ ಜ್ಯಾಕ್ ಅನ್ನುತ್ತಾರೆ. ಕಚ್ಚಿದ ಕೂಡಲೇ ಮನೆಗೆ ಓಡುವ ಮೀನು. ನಮಗೆ ಸಿಗೋದು ಎರಡು ಸೆಕೆಂಡ್. ಅಷ್ಟರಲ್ಲಿ ತಲೆ ತಿರುಗಿಸಿದರೆ ನಮ್ಮದು, ಇಲ್ಲದಿದ್ದರೆ ಬೇರಿನದು. ಮುಂದಿನದನ್ನು ತಿರುಗಿಸಿದೆ. ಇಟ್ಟಿಗೆ ಕೆಂಪು ಬಣ್ಣ, ನಾಯಿಹಲ್ಲು, ಒಂದು ಕೆಜಿ ಮೇಲೆ. ಕೈ ಇನ್ನೂ ಸಂಜೆವರೆಗೆ ಆ ಎಳೆತ ನೆನೆಸಿಕೊಳ್ಳುತ್ತಿತ್ತು.

ಅಪ್ಪ ರಬ್ಬರ್ ಮೀನು ಮುಟ್ಟಲಿಲ್ಲ. ದೋಣಿಯವರ ಡಬ್ಬಿಯಿಂದ ಜೀವಂತ ಸೀಗಡಿ ತೆಗೆದು ಕೊಕ್ಕೆಗೆ ಹಾಕಿ, ಅಂಚಿನ ಆಚೆ ಬಿಟ್ಟು, ಸುಮ್ಮನೆ ಕೂತರು. ಎದ್ದು ನಿಂತು ಎಸೆಯಲು ಹೊರಟಾಗ ದೋಣಿಯವರು "ನೀವ್ ಕೂಕಣಿ ಹಿರಿಯರೇ" ಅಂತ ಭುಜ ಹಿಡಿದು ಕೂರಿಸಿದರು. ಎರಡು ಕಾಣೆ ಮೀನು ಸಿಕ್ಕವು. ನೀರು ನಿಲ್ಲಲು ಇನ್ನೇನು ಕಾಲು ಗಂಟೆ ಇದೆ ಅನ್ನುವಾಗ ರೀಲ್ ಕೂಗಿತು. ಅಪ್ಪ ಜೀವಮಾನದಲ್ಲಿ ರೀಲ್ ಹಿಡಿದವರಲ್ಲ. ಬಿದಿರು ಕಡ್ಡಿಯಲ್ಲಿ ಮಾಡುವ ಹಾಗೆ ರಾಡ್ ಬಾಗಲು ಬಿಟ್ಟು, ಎಳೆದಾಗ ಕೊಟ್ಟು, ನಿಂತಾಗ ಸುತ್ತಿಕೊಂಡರು. ಯಾರೂ ಹೇಳಿಕೊಡಲಿಲ್ಲ. ಮೀನು ಎರಡು ಸಲ ಪೂರ್ತಿ ನೀರಿನಿಂದ ಹೊರಗೆ ಹಾರಿ ತಲೆ ಕೊಡವಿತು. ಬಾರಾಮುಂಡಿ, ಎರಡೂವರೆ ಕೆಜಿ. ಬೆಳ್ಳಿ ಮೈ, ಕೆಂಡದಂಥ ಕಣ್ಣು. ಅಪ್ಪ ಅದರ ತಲೆ ಮೇಲೆ ಕೈ ಇಟ್ಟು ಬಹಳ ಹೊತ್ತು ನೋಡಿದರು.

ಇಟ್ಟುಕೊಳ್ಳಬಹುದಾ ಅಂತ ನಾನು ಕೇಳಿದೆ. ಬಾರಾಮುಂಡಿ ಮೊದಲು ಗಂಡಾಗಿರುತ್ತದೆ, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಹಾಗಾಗಿ ಬಹಳ ದೊಡ್ಡವನ್ನು ಬಿಡಿ, ಅವೇ ಮೊಟ್ಟೆ ಇಡುವವು ಅಂತ ಶೆಟ್ರು ಹೇಳಿದ್ದರು. ಇದು ಅಷ್ಟು ದೊಡ್ಡದಲ್ಲ ಅಂತ ದೋಣಿಯವರು ಹೇಳಿದರು. ಇಟ್ಟುಕೊಂಡೆವು. ಜ್ಯಾಕ್ ಬಿಟ್ಟೆವು. ನಾಲ್ಕೂವರೆ ಗಂಟೆಯಲ್ಲಿ ಕಂಡವರು ಚಿಪ್ಪು ಹೆಕ್ಕುವ ಮೂವರು ಹೆಂಗಸರು, ಒಬ್ಬ ಬೀಸುಬಲೆಯವರು. ದೊಡ್ಡ ಸೇತುವೆ ಹತ್ತಿರ ಮಾತ್ರ ಸಾಲಾಗಿ ಗಾಳದವರು ನಿಂತಿದ್ದರು. ನಾವಿದ್ದ ಜಾಗ ಅಲ್ಲಿಂದ ದೋಣಿಯಲ್ಲಿ ಇಪ್ಪತ್ತು ನಿಮಿಷ.

ಈಗ ಲೆಕ್ಕ. ಬೆಲೆ ಆನ್‌ಲೈನಿಗಿಂತ ನೂರು, ಇನ್ನೂರು ಜಾಸ್ತಿಯೇ. ಅದನ್ನು ಕೊಡುವುದರಲ್ಲಿ ನನಗೆ ಬೇಜಾರಿಲ್ಲ. ರಾಡ್, ರೀಲ್, ರಿಪೇರಿಗೆ ಐದಕ್ಕೆ ಐದು ಕೊಡುತ್ತೇನೆ. ಕೃತಕ ಮೀನುಗಳ ದಾಸ್ತಾನಿಗೆ ಮೂರು, ಹಳೇ ಪ್ಯಾಕೆಟ್ ನೋಡಿ ತೆಗೆದುಕೊಳ್ಳಿ. ಸಮಯ ಪಾಲನೆಗೆ ಎರಡು. ಹೋಗುವ ಮುಂಚೆ ಫೋನ್ ಮಾಡಿ, ಸಂಜೆ ಐದರ ಮೇಲೆ ಹೋಗಿ. ಮಂಗಳವಾರ ಬಿಡಿ. ಹೋಗುವಾಗ ನಿಮ್ಮ ಹತ್ತಿರದ ಹೊಳೆಯದೋ ಕೆರೆಯದೋ ನಕ್ಷೆ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಯಾವ ಜಾಗ ಒಳ್ಳೇದು ಅಂತ ಕೇಳಿದರೆ ಅವರು ಹೇಳೋದಿಲ್ಲ. ಈ ಜಾಗ ಹೇಗೆ ಅಂತ ತೋರಿಸಿ ಕೇಳಿದರೆ ಒಂದು ಗಂಟೆ ಕೂತು ಹೇಳುತ್ತಾರೆ. ಜೊತೆಗೆ ಹೆಣ್ಣುಮಕ್ಕಳು ಗಾಳ ಕಲಿಯಬೇಕು ಅಂದರೆ ಹಿಂಜರಿಯದೆ ಹೋಗಿ. ಆ ಸ್ಟೂಲಿನ ಮೇಲೆ ನನ್ನನ್ನು ಯಾರೂ ಒಂದು ದಿನವೂ ವಿಚಿತ್ರವಾಗಿ ನೋಡಿಲ್ಲ.

ಬಾಡಿಗೆ ರಾಡ್ ವಾಪಸ್ ಕೊಡಲು ಅಪ್ಪನೂ ಬಂದಿದ್ದರು. ಕೌಂಟರಿನ ಮೇಲೆ ಇಡುವ ಮುಂಚೆ ಒಂದು ಸಲ ಅದನ್ನು ಬಾಗಿಸಿ ನೋಡಿದರು. "ಇದಕ್ಕೆ ಎಷ್ಟು?" ಅಂದರು. ಶೆಟ್ರು ಹಳೇ ರಾಡ್, ಅರ್ಧ ಬೆಲೆ ಕೊಡಿ ಯಜಮಾನ್ರೇ ಅಂದರು. ಈಗ ಅದು ನಮ್ಮ ಮನೆ ಮೂಲೆಯಲ್ಲಿ, ಬಿದಿರು ಕಡ್ಡಿ ಪಕ್ಕದಲ್ಲಿ ಇದೆ.